ಪರ್ಸ್ ಕಳೆದರೆ, ಕಾರ್ಡ್ ಕದ್ದರೆ: ಮಲೆನಾಡಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ನಮ್ಮ ಚಿಕ್ಕಪ್ಪನ ಫೋನ್ ಹೋಯಿತು. ಜುಲೈ ತಿಂಗಳು, ಜೋರು ಮಳೆ. ಬಸ್ಸಿನಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಇಳಿದ ಮೇಲೆ ರೈನ್‌ಕೋಟಿನ ಜೇಬು ಮುಟ್ಟಿ ನೋಡಿದರೆ ಖಾಲಿ. ಹಳೇ ಫೋನ್, ಹೋದರೆ ಹೋಗಲಿ ಎಂದು ಅವರು ಮಂಡಿ ಕೆಲಸ ಮುಗಿಸಿಕೊಂಡು ಸಂಜೆ ಬಸ್ಸಿಗೆ ಊರಿಗೆ ಹೋದರು.

ಆದರೆ ಆ ಫೋನಿನ ಕವರ್ ಒಳಗೆ ಡೆಬಿಟ್ ಕಾರ್ಡ್ ಇತ್ತು. ಅದರ ಹಿಂದೆ ಮಡಚಿಟ್ಟ ಆಧಾರ್ ಜೆರಾಕ್ಸ್ ಕೂಡ ಇತ್ತು. ಮರುದಿನ ಬ್ಯಾಂಕಿಗೆ ಹೋಗುವಷ್ಟರಲ್ಲಿ ಅಡಿಕೆ ಮಾರಿದ ದುಡ್ಡಿನಲ್ಲಿ 9 ಸಾವಿರ ಚಿಲ್ಲರೆ ಹೋಗಿತ್ತು. ಅದನ್ನು ವಾಪಸ್ ತರಿಸಲು ಎರಡು ತಿಂಗಳು ಓಡಾಡಿದೆವು. ಈ ಓಡಾಟದಲ್ಲಿ ನಾನು ಕಲಿತದ್ದನ್ನೆಲ್ಲ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಅರ್ಧ ಕೆಲಸ ಪರ್ಸ್ ಕಳೆಯುವ ಮೊದಲೇ ಮಾಡುವಂಥದ್ದು. ದಯವಿಟ್ಟು ಆ ಭಾಗವನ್ನು ಹಾರಿಸಬೇಡಿ.

ಹಂತ 1: ಫೋನ್ ಒಂದು ಕಡೆ, ಕಾರ್ಡ್ ಇನ್ನೊಂದು ಕಡೆ

ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಫೋನ್, ಡೆಬಿಟ್ ಕಾರ್ಡ್, ಆಧಾರ್ ಈ ಮೂರೂ ಒಂದೇ ಜೇಬಿನಲ್ಲಿ, ಒಂದೇ ಬ್ಯಾಗಿನಲ್ಲಿ ಇರಬಾರದು.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಫೋನಿಗೆ ಎಷ್ಟೇ ಗಟ್ಟಿ ಲಾಕ್ ಇರಲಿ, ಕಳ್ಳ ಅದನ್ನು ತೆಗೆಯಬೇಕಾಗಿಲ್ಲ. ಸಿಮ್ ಬಿಚ್ಚಿ ಬೇರೆ ಫೋನಿಗೆ ಹಾಕುತ್ತಾನೆ. ನಿಮಗೆ ಬರಬೇಕಾದ ಓಟಿಪಿ ಎಲ್ಲ ಅವನಿಗೆ ಬರುತ್ತದೆ. ಆ ಫೋನಿನಲ್ಲಿ ಯುಪಿಐ ಆ್ಯಪ್ ಹಾಕಿದರೆ, ಸಿಮ್ ನೋಡಿಯೇ ಅದು ನಿಮ್ಮ ಖಾತೆಯನ್ನು ಹುಡುಕಿಕೊಳ್ಳುತ್ತದೆ. ಇನ್ನು ಬೇಕಾಗಿರುವುದು ಯುಪಿಐ ಪಿನ್. ಹೊಸ ಪಿನ್ ಹಾಕಿಕೊಳ್ಳಲು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಕಾರ್ಡಿನ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಜೊತೆಗೆ ಓಟಿಪಿ ಕೇಳುತ್ತದೆ. ಕೆಲವು ಬ್ಯಾಂಕ್‌ಗಳು ಎಟಿಎಂ ಪಿನ್ನನ್ನೂ ಕೇಳುತ್ತವೆ, ಎಲ್ಲವೂ ಅಲ್ಲ. ಕಾರ್ಡ್ ಬದಲು ಆಧಾರ್ ಮೂಲಕ ಪಿನ್ ಹಾಕುವ ದಾರಿಯೂ ಇದೆ. ಅದಕ್ಕೆ ಆಧಾರ್‌ನ ಮೊದಲ 6 ಅಂಕಿ ಮತ್ತು ಓಟಿಪಿ ಸಾಕು.

ಅಂದರೆ ಕಾರ್ಡ್ ಮಾತ್ರ ಸಿಕ್ಕಿದರೆ ಕಳ್ಳನಿಗೆ ಸ್ವಲ್ಪ ಲಾಭ. ಸಿಮ್ ಮಾತ್ರ ಸಿಕ್ಕಿದರೂ ಸ್ವಲ್ಪವೇ. ಎರಡೂ ಒಟ್ಟಿಗೆ ಸಿಕ್ಕಿದರೆ ಖಾತೆಯ ಬೀಗದ ಕೈಯೇ ಸಿಕ್ಕಿದ ಹಾಗೆ. ಹೊಸ ಫೋನಿನಲ್ಲಿ ಯುಪಿಐ ಹಾಕಿದ ಮೊದಲ 24 ಗಂಟೆ ಸಾಮಾನ್ಯವಾಗಿ 5 ಸಾವಿರದ ಮಿತಿ ಇರುತ್ತದೆ. ಚಿಕ್ಕಪ್ಪನ ಉಳಿದ ದುಡ್ಡು ಉಳಿದದ್ದು ಇದರಿಂದ. ಯುಪಿಐಯಿಂದ ಹೋದದ್ದು 5 ಸಾವಿರ. ಮಿಕ್ಕ 4 ಸಾವಿರ ಹೋಗಿದ್ದು ಅಂಗಡಿಯೊಂದರಲ್ಲಿ ಕಾರ್ಡ್ ಟ್ಯಾಪ್ ಮಾಡಿ, ಅಂದರೆ ಮೆಷಿನ್ನಿಗೆ ಕಾರ್ಡ್ ಮುಟ್ಟಿಸಿ.

ಹಾಗಾಗಿ ಇವತ್ತೇ ಫೋನ್ ಕವರ್ ಬಿಚ್ಚಿ, ಒಳಗಿರುವ ಕಾರ್ಡ್ ತೆಗೆಯಿರಿ. ಹೆಂಗಸರು ಫೋನ್, ಪರ್ಸ್ ಎರಡನ್ನೂ ಒಂದೇ ವ್ಯಾನಿಟಿ ಬ್ಯಾಗಿನಲ್ಲಿ ಇಡುವುದು ರೂಢಿ. ದೂರದ ಪ್ರಯಾಣದಲ್ಲಾದರೂ ಎರಡನ್ನು ಬೇರೆ ಮಾಡಿ.

ಇನ್ನೊಂದು ಸಣ್ಣ ಕೆಲಸ ಇದೆ, ಬಹಳ ಜನ ಮಾಡುವುದಿಲ್ಲ. ಸಿಮ್‌ಗೇ ಪಿನ್ ಹಾಕಬಹುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಸಿಮ್ ಲಾಕ್’ ಎಂದು ಹುಡುಕಿ. ಹಾಕಿದ ಮೇಲೆ ಸಿಮ್ಮನ್ನು ಯಾವ ಫೋನಿಗೆ ಹಾಕಿದರೂ ಮೊದಲು ಪಿನ್ ಕೇಳುತ್ತದೆ. ಮೂರು ಸಲ ತಪ್ಪಿದರೆ ಸಿಮ್ ಬಂದ್ ಆಗುತ್ತದೆ. ಆಮೇಲೆ ಕಂಪನಿಯಿಂದ ಪಿಯುಕೆ ನಂಬರ್ ತಗೊಂಡೇ ತೆರೆಯಬೇಕು. ಶುರುವಿನಲ್ಲಿ ಕಂಪನಿಯೇ ಇಟ್ಟ ಪಿನ್ ಒಂದು ಇರುತ್ತದೆ. ಅದನ್ನು ಊಹೆ ಮಾಡಿ ಒತ್ತಬೇಡಿ, ಕಸ್ಟಮರ್ ಕೇರ್‌ನಲ್ಲಿ ಕೇಳಿ ತಿಳಿದುಕೊಂಡು ಬದಲಾಯಿಸಿ. ಹತ್ತು ನಿಮಿಷದ ಕೆಲಸ. ಚಿಕ್ಕಪ್ಪನ ಸಿಮ್‌ಗೆ ಇದು ಇದ್ದಿದ್ದರೆ ಯುಪಿಐಯಿಂದ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ.

ಹಂತ 2: ಪರ್ಸ್ ಖಾಲಿ ಮಾಡಿ

ಪರ್ಸನ್ನು ಮೇಜಿನ ಮೇಲೆ ಸುರಿದು ನೋಡಿ. ಎರಡು ಡೆಬಿಟ್ ಕಾರ್ಡ್, ಒಂದು ಕ್ರೆಡಿಟ್ ಕಾರ್ಡ್, ಆಧಾರ್, ಪ್ಯಾನ್, ವೋಟರ್ ಐಡಿ, ಡಿಎಲ್, ಎಟಿಎಂ ಪಿನ್ ಬರೆದ ಚೀಟಿ. ಬಹುತೇಕ ಮನೆಗಳಲ್ಲಿ ಇದೇ ಕಥೆ.

ಪಿನ್ ಚೀಟಿಯನ್ನು ಈಗಲೇ ಹರಿದು ಒಲೆಗೆ ಹಾಕಿ. ಪ್ಯಾನ್ ದಿನಾ ಬೇಕಾಗುವುದಿಲ್ಲ, ಮನೆಯಲ್ಲಿ ಇರಲಿ. ವೋಟರ್ ಐಡಿಯೂ ಅಷ್ಟೇ. ಆಧಾರ್ ತೋರಿಸಲೇಬೇಕಾದ ಕಡೆಗೆ ಮಾಸ್ಕ್ಡ್ ಆಧಾರ್ ಪ್ರಿಂಟ್ ಇಟ್ಟುಕೊಳ್ಳಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಆಧಾರ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ.

ಡಿಎಲ್ ಮತ್ತು ಆರ್‌ಸಿ ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿ ಇದ್ದರೆ ಪೊಲೀಸರು ಒಪ್ಪಬೇಕು ಎಂದು ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲೇ ಹೇಳಿದೆ. ಆದರೂ ನಮ್ಮ ಕಡೆ ಗಾಡಿ ಓಡಿಸುವವರು ಡಿಎಲ್ ಕಾರ್ಡನ್ನು ಜೊತೆಗೇ ಇಟ್ಟುಕೊಳ್ಳುವುದು ಒಳ್ಳೆಯದು. ಘಾಟಿಯಲ್ಲಿ ಸಿಗ್ನಲ್ ಇಲ್ಲದಾಗ ಡಿಜಿಲಾಕರ್ ತೆರೆಯುವುದೇ ಕಷ್ಟ, ಅಲ್ವಾ?

ಉಳಿದದ್ದು ಬ್ಯಾಂಕ್ ಕಾರ್ಡ್. ಒಂದೇ ಒಂದು ಸಾಕು. ಅದು ಯಾವುದಿರಬೇಕು ಎಂಬುದೂ ಮುಖ್ಯ. ಅಡಿಕೆ ದುಡ್ಡು, ಸಂಬಳ, ಪಿಂಚಣಿ ಬೀಳುವ ದೊಡ್ಡ ಖಾತೆಯ ಕಾರ್ಡ್ ಜೇಬಿನಲ್ಲಿ ಬೇಡ. ಇನ್ನೊಂದು ಸಣ್ಣ ಖಾತೆ ತೆರೆದು, ತಿಂಗಳ ಖರ್ಚಿಗೆ ಬೇಕಾದಷ್ಟು ಮಾತ್ರ ಅದಕ್ಕೆ ಹಾಕಿ. ಯುಪಿಐಗೂ ಅದನ್ನೇ ಜೋಡಿಸಿ. ಕಳ್ಳನಿಗೆ ಸಿಕ್ಕರೂ ಅಷ್ಟೇ ಸಿಗುವುದು. ನನ್ನ ಪ್ರಕಾರ ಮನೆಯ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಬೇರೆ ಇಲ್ಲ. ಸಣ್ಣ ಪಾವತಿಗೆಂದು ಯುಪಿಐ ಲೈಟ್‌ನಲ್ಲಿ ತೆಗೆದಿಟ್ಟ ದುಡ್ಡಿಗೆ ಪಿನ್ ಇರುವುದಿಲ್ಲ. ಅದು ಜೇಬಿನ ನೋಟಿನ ಲೆಕ್ಕವೇ, ಸ್ವಲ್ಪ ಇಟ್ಟರೆ ಸಾಕು.

ಪರ್ಸಿನಲ್ಲಿ ಒಂದು ಚೀಟಿಯನ್ನು ಮಾತ್ರ ಹೊಸದಾಗಿ ಸೇರಿಸಿ. ‘ಈ ಪರ್ಸ್ ಸಿಕ್ಕಿದರೆ ದಯವಿಟ್ಟು ಕರೆ ಮಾಡಿ’ ಎಂದು ಬರೆದು ಮನೆಯವರ ನಂಬರ್ ಹಾಕಿ. ನಿಮ್ಮ ನಂಬರ್ ಬೇಡ, ಫೋನೂ ಕಳೆದಿರಬಹುದು. ಮನೆ ವಿಳಾಸವೂ ಬೇಡ. ನಮ್ಮ ಊರುಗಳಲ್ಲಿ ಸಿಕ್ಕಿದ್ದನ್ನು ಹಿಂದಿರುಗಿಸುವ ಜನ ಬಹಳ ಇದ್ದಾರೆ. ಯಾರಿಗೆ ಕೊಡಬೇಕು ಅಂತ ಗೊತ್ತಾಗದೆಯೇ ಎಷ್ಟೋ ಪರ್ಸ್ ಅಂಗಡಿಯ ಗಲ್ಲಾ ಪೆಟ್ಟಿಗೆಯಲ್ಲಿ ಉಳಿದುಬಿಡುತ್ತವೆ.

ಹಂತ 3: ಕಾರ್ಡಿನ ಸ್ವಿಚ್ ಆಫ್ ಮಾಡಿಡಿ

ಪ್ರತಿ ಕಾರ್ಡಿಗೂ ಸ್ವಿಚ್ ಇದೆ ಎಂದು ಎಷ್ಟೋ ಜನರಿಗೆ ಗೊತ್ತಿಲ್ಲ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡ್ ಭಾರತದೊಳಗಿನ ಎಟಿಎಂ ಮತ್ತು ಸ್ವೈಪಿಂಗ್ ಮೆಷಿನ್‌ಗೆ ಮಾತ್ರ ಕೆಲಸ ಮಾಡಬೇಕು. ಆನ್‌ಲೈನ್, ಟ್ಯಾಪ್, ವಿದೇಶಿ ವ್ಯವಹಾರ ಬೇಕಾದರೆ ನಾವೇ ಆನ್ ಮಾಡಿಕೊಳ್ಳಬೇಕು. ಹಾಗೇ ಆಫ್ ಮಾಡಲು, ಮಿತಿ ಕಡಿಮೆ ಮಾಡಲು ಬ್ಯಾಂಕ್ ವ್ಯವಸ್ಥೆ ಕೊಡಬೇಕು. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡ್ ಎಂಬ ಜಾಗದಲ್ಲಿ ಇದೆಲ್ಲ ಸಿಗುತ್ತದೆ.

ವಿದೇಶಿ ವ್ಯವಹಾರ ಮೊದಲು ಆಫ್ ಮಾಡಿ. ಹೊರದೇಶದ ಎಷ್ಟೋ ವೆಬ್‌ಸೈಟ್‌ಗಳು ಓಟಿಪಿ ಕೇಳುವುದೇ ಇಲ್ಲ. ಕಾರ್ಡ್ ನಂಬರ್, ಅವಧಿ, ಹಿಂದಿರುವ ಸಿವಿವಿ ಎಂಬ ಗುಟ್ಟಿನ ಅಂಕಿ ಇದ್ದರೆ ದುಡ್ಡು ಹೋಗುತ್ತದೆ. ಹೋಟೆಲಿನಲ್ಲಿ ಬಿಲ್ ಕೊಡುವಾಗ ಕಾರ್ಡನ್ನು ಒಳಗೆ ತಗೊಂಡು ಹೋಗಲು ಬಿಡಬಾರದು ಎನ್ನುವುದೂ ಇದಕ್ಕೇ. ಒಂದು ಫೋಟೋ ಸಾಕು ಅವರಿಗೆ.

ಆಮೇಲೆ ಟ್ಯಾಪ್. 2021ರ ಜನವರಿ 1ರಿಂದ 5,000 ರೂಪಾಯಿವರೆಗೆ ಪಿನ್ ಇಲ್ಲದೆ ಟ್ಯಾಪ್ ಮಾಡಬಹುದು. ನೀವು ಟ್ಯಾಪ್ ಬಳಸುವುದಿಲ್ಲ ಎಂದಾದರೆ ಸುಮ್ನೆ ಯಾಕೆ ಆನ್ ಇರಬೇಕು? ಎಟಿಎಂ ಮಿತಿಯನ್ನೂ ನಿಮಗೆ ಬೇಕಾದಷ್ಟಕ್ಕೆ ಇಳಿಸಿ. ಆ್ಯಪ್ ಬಳಸದವರು ಶಾಖೆಗೆ ಹೋಗಿ ಬರೆದುಕೊಟ್ಟು ಮಾಡಿಸಬಹುದು.

ಜೊತೆಗೇ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಆಗ ನಿಮ್ಮ ಹೆಬ್ಬೆಟ್ಟಿನ ಗುರುತು ಹಾಕಿ ಹಣ ತೆಗೆಯಲು ಯಾರಿಂದಲೂ ಆಗುವುದಿಲ್ಲ. ರೇಷನ್ ಅಂಗಡಿಗೆ ಹೋಗುವ ದಿನ ತೆಗೆದು, ಮತ್ತೆ ಹಾಕಿಕೊಳ್ಳಿ.

ಹಂತ 4: ಮನೆಯಲ್ಲೊಂದು ಪುಸ್ತಕ ಇಡಿ

ಫೋನೇ ಕಳೆದಾಗ ಫೋನಿನಲ್ಲಿರುವ ನಂಬರ್ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಹಾಗಾಗಿ ಕಾಗದದ ಪುಸ್ತಕವೇ ಬೇಕು. ಒಂದು ಸಣ್ಣ ನೋಟ್‌ಬುಕ್ ತಗೊಂಡು ಇಷ್ಟು ಬರೆದಿಡಿ: ಪ್ರತಿ ಕಾರ್ಡಿನ ಹಿಂದೆ ಅಚ್ಚಾಗಿರುವ ಬ್ಯಾಂಕಿನ ಸಹಾಯವಾಣಿ, ಕಾರ್ಡಿನ ಕೊನೆಯ 4 ಅಂಕಿ, ಖಾತೆ ನಂಬರ್, ಗ್ರಾಹಕ ಸಂಖ್ಯೆ, ಶಾಖೆಯ ಫೋನ್, ಸಿಮ್ ಕಂಪನಿಯ ನಂಬರ್, ಫೋನಿನ ಐಎಂಇಐ ಎಂಬ ಗುರುತಿನ ಸಂಖ್ಯೆ. ಐಎಂಇಐ ಬೇಕಾದರೆ ಫೋನಿನಲ್ಲಿ *#06# ಒತ್ತಿ. ಎರಡು ಸಿಮ್ ಫೋನಿಗೆ ಎರಡು ನಂಬರ್ ಬರುತ್ತದೆ, ಎರಡನ್ನೂ ಬರೆಯಿರಿ. ಪಿನ್, ಪಾಸ್‌ವರ್ಡ್, ಸಿವಿವಿ ಮಾತ್ರ ಬೇಡ.

ಸಹಾಯವಾಣಿಯನ್ನು ಮೊದಲೇ ಬರೆದಿಡಿ ಎನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಕಳೆದುಕೊಂಡ ಗಾಬರಿಯಲ್ಲಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ಎಂದು ಹುಡುಕಿದರೆ, ವಂಚಕರೇ ಹಾಕಿಟ್ಟ ನಂಬರ್ ಸಿಗುವ ಅಪಾಯ ಇದೆ. ಆಗ ನಾವೇ ಫೋನ್ ಮಾಡಿ ಓಟಿಪಿ ಕೊಟ್ಟ ಹಾಗಾಗುತ್ತದೆ.

ಪುಸ್ತಕವನ್ನು ಕಪಾಟಿನಲ್ಲಿಟ್ಟು, ಅದು ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿ. ಅವರ ಫೋನ್ ನಂಬರ್ ನಿಮಗೆ ಬಾಯಿಪಾಠ ಇರಬೇಕು. ಈಗ ಯಾರಿಗೂ ಯಾರ ನಂಬರೂ ನೆನಪಿರುವುದಿಲ್ಲ. ಒಂದೇ ಒಂದು ನಂಬರ್ ಬಾಯಿಪಾಠ ಮಾಡಿ.

ಹಂತ 5: ಕಳ್ಳ ಕಾಯುವ ಜಾಗಗಳು

ಜೇಬುಗಳ್ಳರಿಗೆ ಬೇಕಾಗಿರುವುದು ನೂಕುನುಗ್ಗಲು. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ, ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಹಬ್ಬದ ಹಿಂದಿನ ದಿನದ ಗಾಂಧಿ ಬಜಾರ್. ಅಲ್ಲಿಗೆ ಹೋಗುವಾಗ ಪರ್ಸನ್ನೇ ಒಯ್ಯಬೇಡಿ. ಬೇಕಾದಷ್ಟು ನೋಟು ಮುಂದಿನ ಜೇಬಿನಲ್ಲಿ ಇರಲಿ. ಬಸ್ ಹತ್ತುವ ಬಾಗಿಲಲ್ಲಿ ಜಾಸ್ತಿ ಎಚ್ಚರ ಬೇಕು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ, ಜೇಬು ಕಾಯಲು ಮೂರನೇ ಕೈ ಇಲ್ಲ. ರೈನ್‌ಕೋಟಿನ ಜೇಬಿನಲ್ಲಂತೂ ಏನನ್ನೂ ಇಡಬೇಡಿ. ಅದು ಮೈಗೆ ಅಂಟಿರುವುದಿಲ್ಲ, ಕೈ ಹಾಕಿದರೆ ಗೊತ್ತೇ ಆಗುವುದಿಲ್ಲ.

ಎಟಿಎಂನಲ್ಲಿ ಬೇರೆ ಥರದ ಕಳ್ಳತನ ನಡೆಯುತ್ತದೆ. ವಯಸ್ಸಾದವರು ತಡವರಿಸುವುದನ್ನು ನೋಡಿ ಒಬ್ಬ ಸಹಾಯಕ್ಕೆ ಬರುತ್ತಾನೆ. ‘ಕೊಡಿ ಅಜ್ಜಾ, ನಾನು ತೆಗೆದುಕೊಡುತ್ತೇನೆ’ ಎನ್ನುತ್ತಾನೆ. ಪಿನ್ ನೋಡಿಕೊಳ್ಳುತ್ತಾನೆ, ಕಾರ್ಡ್ ವಾಪಸ್ ಕೊಡುವಾಗ ಅದೇ ಬ್ಯಾಂಕಿನ, ಅದೇ ಬಣ್ಣದ ಬೇರೆ ಕಾರ್ಡ್ ಕೊಡುತ್ತಾನೆ. ಅಜ್ಜ ಮನೆಗೆ ಹೋಗಿ ಕಾರ್ಡ್ ಜೋಪಾನ ಮಾಡುತ್ತಾರೆ, ತಿಂಗಳವರೆಗೂ ಗೊತ್ತಾಗುವುದಿಲ್ಲ. ಇದಕ್ಕೆ ಸುಲಭದ ಉಪಾಯ ಇದೆ. ಕಾರ್ಡಿನ ಮೂಲೆಗೆ ಒಂದು ಬಣ್ಣದ ಸ್ಟಿಕ್ಕರ್ ಅಂಟಿಸಿಕೊಡಿ, ಚಿಪ್ ಮತ್ತು ಕಪ್ಪು ಪಟ್ಟಿ ಬಿಟ್ಟು. ‘ಸ್ಟಿಕ್ಕರ್ ಇಲ್ಲದ ಕಾರ್ಡ್ ನಿಮ್ಮದಲ್ಲ’ ಎಂದು ಹೇಳಿಕೊಡಿ. ಸಹಾಯ ಬೇಕೆಂದರೆ ಶಾಖೆ ತೆರೆದಿರುವ ಹೊತ್ತಿನಲ್ಲೇ ಹೋಗುವುದು ಒಳ್ಳೆಯದು.

ಪೆಟ್ರೋಲ್ ಬಂಕಿನಲ್ಲಿ ಪಿನ್ ಬಾಯಲ್ಲಿ ಹೇಳಬೇಡಿ. ಗಾಡಿಯಿಂದ ಇಳಿದು ನೀವೇ ಒತ್ತಿ.

ಹಂತ 6: ಕಳೆದದ್ದು ಗೊತ್ತಾದ ಮೊದಲ ಅರ್ಧ ಗಂಟೆ

ಹುಡುಕುವುದಕ್ಕೆ ಐದು ನಿಮಿಷ ಕೊಡಿ, ಸಾಕು. ಮನೆಯಲ್ಲೇ ಬಿಟ್ಟಿರಬಹುದು ಎಂಬ ಅನುಮಾನ ಇದ್ದರೆ ಆ್ಯಪ್‌ನಲ್ಲಿ ಕಾರ್ಡನ್ನು ತಾತ್ಕಾಲಿಕ ಲಾಕ್ ಮಾಡಿ. ಸಿಕ್ಕಿದ ಮೇಲೆ ತೆಗೆಯಬಹುದು. ಕದ್ದಿದ್ದಾರೆ ಎಂದು ಖಾತ್ರಿ ಇದ್ದರೆ ಪೂರ್ತಿ ಬ್ಲಾಕ್ ಮಾಡಿಸಿ. ಹೊಸ ಕಾರ್ಡ್ ಬರಲು ಹತ್ತು ದಿನ ಆಗುತ್ತದಲ್ಲ ಎಂದು ಹಿಂಜರಿಯಬೇಡಿ.

ಫೋನೂ ಹೋಗಿದ್ದರೆ ಮೊದಲು ಬಂದ್ ಮಾಡಿಸಬೇಕಾದದ್ದು ಸಿಮ್. ಓಟಿಪಿ ನಿಂತರೆ ಅರ್ಧ ದಾರಿ ಮುಚ್ಚಿದ ಹಾಗೆ. ಆಮೇಲೆ ದೊಡ್ಡ ಖಾತೆಯ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ಯುಪಿಐ, ಮೊಬೈಲ್ ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಲು ಹೇಳಿ. ಕಾರ್ಡ್ ಬ್ಲಾಕ್ ಮಾಡಿದರೆ ಯುಪಿಐ ತಾನಾಗಿ ನಿಲ್ಲುವುದಿಲ್ಲ, ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಕರೆಯ ಕೊನೆಗೆ ದೂರಿನ ನಂಬರ್ ಕೇಳಿ, ಸಮಯದ ಜೊತೆ ಬರೆದುಕೊಳ್ಳಿ.

ಆಗುಂಬೆ ಘಾಟಿಯಲ್ಲೋ ಹುಲಿಕಲ್ ಘಾಟಿಯಲ್ಲೋ ಇದ್ದಾಗ ಗೊತ್ತಾದರೆ ಏನು ಮಾಡುವುದು? ಅಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಬಸ್ಸಿನಲ್ಲಿ ಬೇರೆ ಕಂಪನಿಯ ಸಿಮ್ ಇರುವವರನ್ನು ಕೇಳಿ. ಒಂದು ನಿಮಿಷದ ಕರೆ ಸಿಕ್ಕರೆ ಸಾಕು, ಬ್ಯಾಂಕಿಗೆ ಮಾಡಬೇಡಿ, ಮನೆಗೆ ಮಾಡಿ. ಬ್ಯಾಂಕಿನ ಸಹಾಯವಾಣಿ ಒಂದು ಒತ್ತಿ, ಎರಡು ಒತ್ತಿ ಎನ್ನುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ. ‘ಪುಸ್ತಕ ತೆಗೆದು ಎಲ್ಲಾ ಬಂದ್ ಮಾಡಿಸಿ’ ಎಂದರೆ ಮನೆಯವರು ಉಳಿದದ್ದು ನೋಡಿಕೊಳ್ಳುತ್ತಾರೆ. ಪುಸ್ತಕದ ನಿಜವಾದ ಬೆಲೆ ತಿಳಿಯುವುದು ಇಲ್ಲೇ.

ಬಸ್ಸಿನಲ್ಲಿ ಬಿಟ್ಟಿದ್ದರೆ ಟಿಕೆಟ್ ಎಸೆಯಬೇಡಿ, ಅದನ್ನು ತೋರಿಸಿ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಕೇಳಿ. ಖಾಸಗಿ ಬಸ್ಸಾದರೆ ಏಜೆಂಟರಿಗೆ ಕಂಡಕ್ಟರ್ ನಂಬರ್ ಗೊತ್ತಿರುತ್ತದೆ. ತಾಳಗುಪ್ಪದ ರೈಲೋ ಜನಶತಾಬ್ದಿಯೋ ಆಗಿದ್ದರೆ 139ಕ್ಕೆ ಕರೆ ಮಾಡಿ.

ಹಂತ 7: 1930 ಮತ್ತು ಪೊಲೀಸ್ ಠಾಣೆ

ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ನೀವು ಹೇಳಿದ ವಿವರ ಬ್ಯಾಂಕ್‌ಗಳಿಗೆ ಹೋಗಿ, ಕಳ್ಳ ಹಾಕಿಕೊಂಡ ಖಾತೆಯಲ್ಲಿ ದುಡ್ಡು ಇನ್ನೂ ಇದ್ದರೆ ಅದನ್ನು ತಡೆಹಿಡಿಯುತ್ತಾರೆ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಲೇ ಇರುತ್ತದೆ. ಹಾಗಾಗಿ ಊಟ ಮಾಡಿ ಆಮೇಲೆ ಮಾಡೋಣ ಎನ್ನಬೇಡಿ. ಲೈನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ವೆಬ್‌ಸೈಟಿನಲ್ಲೂ ದೂರು ಕೊಡಬಹುದು. ಶಿವಮೊಗ್ಗದಲ್ಲಿ ಸೈಬರ್ ಪ್ರಕರಣಗಳಿಗೆ ಸಿಇಎನ್ ಠಾಣೆ ಇದೆ. ಹತ್ತಿರದ ಠಾಣೆಗೂ ಹೋಗಬಹುದು.

ದುಡ್ಡು ಹೋಗಿಲ್ಲ, ಡಿಎಲ್, ಪ್ಯಾನ್ ಮಾತ್ರ ಎಲ್ಲೋ ಬಿದ್ದುಹೋಯಿತು ಎಂದಾದರೆ ಠಾಣೆಗೆ ಹೋಗುವುದೂ ಬೇಡ. ಕರ್ನಾಟಕ ಪೊಲೀಸರ ಕೆಎಸ್‌ಪಿ ಆ್ಯಪ್‌ನಲ್ಲಿ ಇ-ಲಾಸ್ಟ್ ಎಂಬ ವ್ಯವಸ್ಥೆ ಇದೆ. ಅಲ್ಲಿ ಸಿಗುವ ಪತ್ರವನ್ನು ಹೊಸ ಡಿಎಲ್‌ಗೆ, ಸಿಮ್‌ಗೆ ಬಳಸಬಹುದು. ಆದರೆ ಕದ್ದಿದ್ದನ್ನು ‘ಕಳೆದಿದೆ’ ಎಂದು ಬರೆಸಬೇಡಿ. ಕಳವು ಕಳವೇ, ಎಫ್‌ಐಆರ್ ಕೇಳಿ.

ಕಳೆದ ಫೋನಿಗೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್ ಇದೆ. ಪೊಲೀಸ್ ದೂರಿನ ಪ್ರತಿ, ಐಎಂಇಐ ಕೊಟ್ಟರೆ ಆ ಫೋನ್ ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದ ಹಾಗೆ ಬ್ಲಾಕ್ ಮಾಡುತ್ತಾರೆ.

ಹಂತ 8: ಬ್ಯಾಂಕಿನಿಂದ ದುಡ್ಡು ವಾಪಸ್ ಕೇಳುವುದು

ಚಿಕ್ಕಪ್ಪನ ಜೊತೆ ಮೊದಲ ಸಲ ಬ್ಯಾಂಕಿಗೆ ಹೋದಾಗ ‘ನೋಡೋಣ, ನಾಳೆ ಬನ್ನಿ’ ಎಂದು ಬಾಯಲ್ಲೇ ಹೇಳಿ ಕಳಿಸಿದರು. ನಾವೂ ಸುಮ್ಮನೆ ಬಂದೆವು. ಅದು ನಮ್ಮ ತಪ್ಪು. ಬರವಣಿಗೆಯಲ್ಲಿ ಕೊಟ್ಟು, ಇನ್ನೊಂದು ಪ್ರತಿಗೆ ಸೀಲ್, ಸಹಿ, ತಾರೀಖು ಹಾಕಿಸಿಕೊಳ್ಳಬೇಕು. ಯಾಕೆಂದರೆ ಮುಂದಿನ ಲೆಕ್ಕವೆಲ್ಲ ಆ ತಾರೀಖಿನ ಮೇಲೆ ನಿಂತಿದೆ.

2017ರ ಜುಲೈ 6ರಂದು ಆರ್‌ಬಿಐ ಒಂದು ಸುತ್ತೋಲೆ ಹೊರಡಿಸಿತು. ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ, ಮೂರನೆಯವರಿಂದ ದುಡ್ಡು ಹೋಗಿದ್ದರೆ, ದುಡ್ಡು ಹೋದ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮಗೆ ನಷ್ಟ ಸೊನ್ನೆ. 4ರಿಂದ 7 ಕೆಲಸದ ದಿನದೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಗೆ ಮತ್ತು 5 ಲಕ್ಷದವರೆಗೆ ಮಿತಿ ಇರುವ ಕ್ರೆಡಿಟ್ ಕಾರ್ಡಿಗೆ ನಿಮ್ಮ ಪಾಲಿನ ನಷ್ಟ ಹೆಚ್ಚೆಂದರೆ 10,000. ಹೋದದ್ದು ಅದಕ್ಕಿಂತ ಕಡಿಮೆ ಇದ್ದರೆ ಅಷ್ಟೇ. 7 ಕೆಲಸದ ದಿನ ದಾಟಿದರೆ ಆ ಬ್ಯಾಂಕಿನ ಆಡಳಿತ ಮಂಡಳಿ ಮಾಡಿಕೊಂಡ ನೀತಿಯ ಪ್ರಕಾರ. ಮೆಸೇಜ್ ಬಂದ ದಿನವನ್ನು ಎಣಿಸುವ ಹಾಗಿಲ್ಲ. ನಿಮ್ಮ ಶಾಖೆಗೆ ರಜೆ ಇರುವ ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರವೂ ಲೆಕ್ಕಕ್ಕಿಲ್ಲ. ಸಹಕಾರಿ ಬ್ಯಾಂಕ್‌ಗಳಿಗೂ ಇದೇ ಥರದ ಸುತ್ತೋಲೆ ಅದೇ ವರ್ಷ ಡಿಸೆಂಬರ್‌ನಲ್ಲಿ ಬಂತು.

ಪಿನ್ ಅಥವಾ ಓಟಿಪಿಯನ್ನು ನೀವೇ ಯಾರಿಗಾದರೂ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಹೋಗುವ ಪ್ರತಿ ರೂಪಾಯಿಯೂ ಬ್ಯಾಂಕಿನ ನಷ್ಟ. ತಪ್ಪು ನಿಮ್ಮದೇ ಎಂದು ಬ್ಯಾಂಕ್ ಹೇಳಿದರೆ ಅದನ್ನು ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನದೇ. ಇದನ್ನು ಕೌಂಟರಿನಲ್ಲಿ ಸೌಮ್ಯವಾಗಿ, ಆದರೆ ಗಟ್ಟಿಯಾಗಿ ಹೇಳಿ. ದೂರು ಕೊಟ್ಟ 10 ಕೆಲಸದ ದಿನದೊಳಗೆ ಬ್ಯಾಂಕ್ ತಾತ್ಕಾಲಿಕವಾಗಿ ದುಡ್ಡನ್ನು ಖಾತೆಗೆ ಹಾಕಬೇಕು. 90 ದಿನದೊಳಗೆ ದೂರು ಮುಗಿಸಬೇಕು.

30 ದಿನ ಕಾದರೂ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ ಬ್ಯಾಂಕ್‌ಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಬರೆಯಿರಿ. ಸಿಎಂಎಸ್ ಎಂಬ ಆರ್‌ಬಿಐ ಪೋರ್ಟಲ್‌ನಲ್ಲಿ ಪುಕ್ಕಟೆಯಾಗಿ ದೂರು ಹಾಕಬಹುದು, ವಕೀಲರು ಬೇಡ. ಸೀಲ್ ಹಾಕಿಸಿದ ಆ ಪ್ರತಿ ಇಲ್ಲಿ ಮತ್ತೆ ಬೇಕಾಗುತ್ತದೆ.

ಹಂತ 9: ಮುಂದಿನ ಕೆಲವು ತಿಂಗಳು

ಪರ್ಸ್ ಕಳೆದ ಒಂದೆರಡು ದಿನದಲ್ಲಿ ಒಂದು ಕರೆ ಬರಬಹುದು. ‘ನಿಮ್ಮ ಕಾರ್ಡ್ ಸಿಕ್ಕಿದೆ, ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ಬ್ಲಾಕ್ ಮಾಡಲು ಒಂದು ಓಟಿಪಿ ಬರುತ್ತದೆ, ಹೇಳಿ.’ ಹೇಳಬೇಡಿ. ಬ್ಲಾಕ್ ಮಾಡಲು ಯಾವ ಬ್ಯಾಂಕೂ ಫೋನ್ ಮಾಡಿ ಓಟಿಪಿ ಕೇಳುವುದಿಲ್ಲ. ಪಾರ್ಸೆಲ್ ಹೆಸರಿನಲ್ಲೋ ಟ್ರಾಫಿಕ್ ದಂಡದ ಹೆಸರಿನಲ್ಲೋ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಫೈಲನ್ನೂ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಮುಟ್ಟಬೇಡಿ.

ಹೊಸ ಕಾರ್ಡ್ ಬಂದ ಮೇಲೆ ಕರೆಂಟ್ ಬಿಲ್, ವಿಮೆ ಕಂತು ಹಳೇ ಕಾರ್ಡಿಗೆ ಜೋಡಿಸಿದ್ದರೆ ಬದಲಾಯಿಸಿ. ಸಂಚಾರ್ ಸಾಥಿಯಲ್ಲೇ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಬಹುದು. ಗೊತ್ತಿಲ್ಲದ ನಂಬರ್ ಇದ್ದರೆ ಅಲ್ಲೇ ತೆಗೆಸಿ. ಆಧಾರ್, ಪ್ಯಾನ್ ಎರಡೂ ಹೋಗಿದ್ದರೆ ಮೂರು ತಿಂಗಳ ನಂತರ, ನಿಮ್ಮ ಹೆಸರಿನ ಸಾಲಗಳ ವಿವರ ಇರುವ ಸಿಬಿಲ್ ವರದಿ ತೆಗೆದು ನೋಡಿ. ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ನೀವು ಮಾಡದ ಸಾಲ ಅದರಲ್ಲಿ ಕಂಡರೆ ಸಿಬಿಲ್‌ಗೂ ಆ ಸಾಲ ಕೊಟ್ಟವರಿಗೂ ಕೂಡಲೇ ಬರೆದು ತಿಳಿಸಿ.

ಬೇರೆಯವರ ಪರ್ಸ್ ನಿಮಗೆ ಸಿಕ್ಕಿದರೆ

ಒಳ್ಳೆಯ ಮನಸ್ಸಿನಿಂದಲೇ ಆಗುವ ಒಂದು ತಪ್ಪಿದೆ. ಪರ್ಸ್ ಸಿಕ್ಕಿದ ಕೂಡಲೇ ಒಳಗಿದ್ದ ಆಧಾರ್, ಎಟಿಎಂ ಕಾರ್ಡಿನ ಫೋಟೋ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇವೆ. ‘ಯಾರದ್ದು ನೋಡಿ, ಶೇರ್ ಮಾಡಿ’ ಎನ್ನುತ್ತೇವೆ. ಒಂದು ಗಂಟೆಯಲ್ಲಿ ಅದು ಹೊಸನಗರದಿಂದ ಸೊರಬದವರೆಗೆ ಹೋಗಿರುತ್ತದೆ. ಆಮೇಲೆ ಅಳಿಸಲು ಆಗುವುದಿಲ್ಲ. ಕಾರ್ಡ್ ನಂಬರ್, ಆಧಾರ್ ನಂಬರ್ ಎಲ್ಲರ ಫೋನಿನಲ್ಲೂ ಉಳಿಯುತ್ತದೆ. ಫೋಟೋ ಬೇಡ. ಹೆಸರು, ಊರು, ಎಲ್ಲಿ ಸಿಕ್ಕಿತು ಎಂದು ಮಾತ್ರ ಬರೆಯಿರಿ. ಕೇಳಿಕೊಂಡು ಬಂದವರ ಹತ್ತಿರ ಪರ್ಸಿನ ಬಣ್ಣ, ಒಳಗೆ ಏನಿತ್ತು ಎಂದು ವಿಚಾರಿಸಿ ಕೊಡಿ. ಸಂಜೆಯವರೆಗೂ ಯಾರೂ ಬರದಿದ್ದರೆ ಠಾಣೆಗೆ ತಲುಪಿಸಿ.